ಚೈನ್‌ಸಾ ಮರ ಕೊಯ್ಯುತ್ತಿಲ್ಲವೇ? ಕಾರ್ಬುರೇಟರ್ ಸ್ಕ್ರೂ ತಿರುಗಿಸುವ ಮೊದಲು ಪುಡಿ ನೋಡಿ

'ಚೈನ್‌ಸಾ ಪವರ್ ಕಡಿಮೆಯಾದರೆ ಕಾರ್ಬುರೇಟರ್ ಸ್ಕ್ರೂ ಸ್ವಲ್ಪ ಬಿಗಿ ಮಾಡಿ' ಎಂಬ ಸಲಹೆ ನಿಮಗೂ ಸಿಕ್ಕಿರಬಹುದು. ಇದು ಸರಿಯೇ? ಬಹುಪಾಲು ಸಲ ಅಲ್ಲ, ಎನ್ನುತ್ತೇವೆ ನಾವು.

ಕೊಯ್ಯುವಾಗ ಉದುರುವ ಪುಡಿಯನ್ನು ಮೊದಲು ನೋಡಿ. ಸಣ್ಣ ಚಕ್ಕೆಗಳು ಬಿದ್ದರೆ ಚೈನ್ ಹರಿತವಾಗಿದೆ. ಹಸಿ ಮರದಲ್ಲೂ ಹಿಟ್ಟಿನಂತೆ ಉದುರಿದರೆ ಹಲ್ಲು ಮೊಂಡಾಗಿದೆ, ಎಂಜಿನ್ನಿನ ತಪ್ಪೇನಿಲ್ಲ. (ಚೆನ್ನಾಗಿ ಒಣಗಿದ ಗಟ್ಟಿ ಸೌದೆಯ ಪುಡಿ ಹೇಗೂ ನುಣ್ಣಗಿರುತ್ತದೆ.)

ಹಾಗಾದರೆ ಸ್ಕ್ರೂ ತಿರುಗಿಸಿದರೆ ಏನಾಗುತ್ತದೆ? ಇದು ಟೂ ಸ್ಟ್ರೋಕ್ ಎಂಜಿನ್. ಪೆಟ್ರೋಲಿಗೆ ಬೆರೆಸಿದ ಆಯಿಲ್ಲೇ ಪಿಸ್ಟನ್ನಿಗೆ ಜಾರುವ ಗುಣ ಕೊಡುತ್ತದೆ. ಅನೇಕ ಮಾಡೆಲ್‌ಗಳಲ್ಲಿ ಲೀಟರಿಗೆ 20 ಮಿ.ಲೀ. ಸ್ಕ್ರೂ ಬಿಗಿಯಾದರೆ ಪೆಟ್ರೋಲ್ ಕಡಿಮೆ, ಅದರೊಂದಿಗೆ ಆಯಿಲ್ಲೂ ಕಡಿಮೆ, ಬಿಸಿ ಮಾತ್ರ ಹೆಚ್ಚು. ಸದ್ದು ಜೋರಾಗುವುದರಿಂದ ರಿಪೇರಿಯಾಯಿತು ಅನಿಸುತ್ತದೆ. ಆಮೇಲೆ ಪಿಸ್ಟನ್ ಸೀಜ್ ಆಗಿ ದೊಡ್ಡ ಖರ್ಚು.

ಎಂಜಿನ್ ಆಫ್ ಮಾಡಿ, ಪ್ಲಗ್ ಕ್ಯಾಪ್ ತೆಗೆದು, ಕೈಗವಸು ಹಾಕಿಕೊಂಡು ಚೈನಿನ ಅಳತೆಗೆ ತಕ್ಕ ದುಂಡು ಅರದಿಂದ ಹಲ್ಲು ಮಸೆಯಿರಿ. ಒಳಗಿನಿಂದ ಹೊರಕ್ಕೆ, ಪ್ರತಿ ಹಲ್ಲಿಗೂ ಅಷ್ಟೇ ಸಲ. ಒಂದು ಬದಿ ಹೆಚ್ಚು ಮಸೆದರೆ ಕೊಯ್ತ ಓರೆಯಾಗುತ್ತದೆ. ಮೊಂಡು ಚೈನನ್ನು ಒತ್ತಿ ಕೊಯ್ಯಬೇಡಿ, ಹಿಡಿತ ತಪ್ಪುವುದು ಆಗಲೇ.

ಚಕ್ಕೆ ಬಿದ್ದರೂ ಎಂಜಿನ್ ಸೋಲುತ್ತಿದೆಯೇ? ಏರ್ ಫಿಲ್ಟರ್ ತೊಳೆಯಿರಿ, ಹಳೇ ಪೆಟ್ರೋಲ್ ಬದಲಿಸಿ. ಸ್ಕ್ರೂ ವಿಷಯ ಮೆಕ್ಯಾನಿಕ್‌ಗೆ ಬಿಡಿ.