ಹಳೆಯ ಎಂಜಿಬಿ: ಜಾಹೀರಾತಿನಲ್ಲಿ ಏನು ನೋಡಬೇಕು?

ಪ್ರಶ್ನೆ: ಬ್ರಿಟನ್ನಿನಲ್ಲಿರುವ ನನ್ನ ಮಗ ಹಳೆಯ ಎಂಜಿಬಿ ಸ್ಪೋರ್ಟ್ಸ್ ಕಾರು ಕೊಳ್ಳಲು ಆನ್‌ಲೈನ್ ಜಾಹೀರಾತು ನೋಡುತ್ತಿದ್ದಾನೆ. ಯಾವುದನ್ನು ನಂಬುವುದು?

ಉತ್ತರ: ಬಣ್ಣ, ಕ್ರೋಮ್ ಹೊಳಪಿಗೆ ಮರುಳಾಗುವುದು ಬೇಡ, ಬಾಗಿಲ ಕೆಳಗಿನ ಸಿಲ್ ನೋಡಲಿ. 1962ರಿಂದ 1980ರವರೆಗೆ ತಯಾರಾದ ಈ ಕಾರಿಗೆ ಪ್ರತ್ಯೇಕ ಚಾಸಿಸ್ ಇಲ್ಲ. ತೆರೆದ ಮಾದರಿಯಲ್ಲಿ ಚಾವಣಿಯ ಆಸರೆಯೂ ಇಲ್ಲದ್ದರಿಂದ ಗಟ್ಟಿತನ ಬಹುಪಾಲು ಸಿಲ್‌ಗಳದ್ದೇ. ಅವು ತುಕ್ಕು ತಿಂದರೆ ನಡು ಕುಸಿದು, ಬಾಗಿಲ ಸಂದು ಮೇಲ್ಗಡೆ ಕಿರಿದಾಗುತ್ತದೆ. ಪಕ್ಕದಿಂದ ತೆಗೆದ ಒಳ್ಳೆಯ ಫೋಟೊದಲ್ಲೇ ಇದು ಕಂಡೀತು. ಅಡಿಭಾಗದ ಫೋಟೊ ಕೇಳಿ ತರಿಸಿಕೊಳ್ಳಲಿ. ಅಲ್ಲಿ ಹೊಸದಾಗಿ ಬಳಿದ ಕಪ್ಪು ಲೇಪ ಕಂಡರೆ ತುಕ್ಕು ಮುಚ್ಚಿಟ್ಟಿರುವ ಅನುಮಾನವೇ ನನಗೆ ಹೆಚ್ಚು. ಬೆಸುಗೆ ಕೆಲಸದ ಚಿತ್ರಗಳು, ಬಿಲ್ಲುಗಳು ಇದ್ದರೆ ತುಸು ಹೆಚ್ಚು ಕೊಟ್ಟರೂ ಚಿಂತೆಯಿಲ್ಲ. ಬ್ರಿಟನ್ನಿನ ವಾಹನ ಸುಸ್ಥಿತಿ ತಪಾಸಣೆಯಾದ ಎಂಒಟಿಯ ಹಿಂದಿನ ವಿವರವಿದ್ದರೆ, ನೋಂದಣಿ ಸಂಖ್ಯೆ ಹಾಕಿ ಅಲ್ಲಿನ ಸರ್ಕಾರಿ ಜಾಲತಾಣದಲ್ಲಿ ಉಚಿತವಾಗಿ ನೋಡಬಹುದು.