ಜಮಖಾನ ಕತ್ತರಿಸಿದರೆ ಬಿಚ್ಚಿಕೊಳ್ಳುತ್ತದೆಯೇ?

ಪ್ರಶ್ನೆ: ಪಡಸಾಲೆಯ ಕಂಬಗಳ ನಡುವೆ ಹಾಸಲು ನಮ್ಮ ಜಮಖಾನ ಒಂದು ಗೇಣು ಹೆಚ್ಚಾಗುತ್ತದೆ. ಮನೆಯಲ್ಲೇ ಕತ್ತರಿಸಬಹುದೇ?
– ಓದುಗರು, ದಿಗ್ಗೇವಾಡಿ, ರಾಯಬಾಗ ತಾಲ್ಲೂಕು

ಉತ್ತರ: ಕತ್ತರಿಸಬಹುದು, ಆದರೆ ಯಾವ ಕಡೆ ಎಂಬುದು ಮುಖ್ಯ. ಜಮಖಾನದಲ್ಲಿ ಉದ್ದಕ್ಕೆ ಹಾಸು, ಅಡ್ಡಕ್ಕೆ ಹೊಕ್ಕು. ಉದ್ದ ಕಡಿಮೆ ಮಾಡುವುದು ಸುಲಭ. ಬೇಕಾದ ಅಳತೆಗಿಂತ ಮೂರ್ನಾಲ್ಕು ಇಂಚು ಹೆಚ್ಚು ಬಿಟ್ಟು ಕತ್ತರಿಸಿ, ಅಷ್ಟೂ ಹೊಕ್ಕನ್ನು ಬಿಚ್ಚಿ, ಉಳಿದ ಹಾಸಿನ ಎಳೆಗಳನ್ನು ನಾಲ್ಕಾರರಂತೆ ಸೇರಿಸಿ ಗಂಟು ಹಾಕಿ. ಗೊಂಡೆಯೂ ಆಯಿತು, ಕಾವಲೂ ಆಯಿತು.

ಅಗಲದ ಮಾತು ಬೇರೆ. ಪಕ್ಕದ ಅಂಚಿನಲ್ಲಿ ಹೊಕ್ಕು ಹಾಸನ್ನು ಬಳಸಿ ಹಿಂದಿರುಗುತ್ತದೆ. ಆ ತಿರುವು ಹೋದರೆ ಅಂಚಿನ ಹಾಸು ಒಂದೊಂದಾಗಿ ಜಾರುತ್ತದೆ. ಆದ್ದರಿಂದ ಮೊದಲು ಕತ್ತರಿಸುವ ಗೆರೆಯ ಒಳಗೆ ಎರಡು ಸಾಲು ಒತ್ತು ಹೊಲಿಗೆ, ಆಮೇಲೆ ಕತ್ತರಿ. ಬರಿಗೊಂಡ ಅಂಚಿಗೆ ಗಟ್ಟಿ ಬಟ್ಟೆಯ ಪಟ್ಟಿ ಮಡಚಿ ಹೊಲಿಯಿರಿ. ಮನೆಯ ಮಷಿನ್ನಿನ ಸೂಜಿ ಮುರಿದೀತು, ದಬ್ಬಣವೇ ವಾಸಿ.

ಕಂಬಳಿಯಾದರೆ ಕತ್ತರಿ ಹಿಡಿಯುವ ಮೊದಲು ನಡುವೆ ನೋಡಿ. ಕುರುಬರ ಕೈಮಗ್ಗದ ಕಂಬಳಿಯನ್ನು ಸಾಮಾನ್ಯವಾಗಿ ಎರಡು ಕಿರಿದಾದ ಪಟ್ಟಿಗಳನ್ನು ಜೋಡಿಸಿ ಹೊಲಿದಿರುತ್ತಾರೆ. ಆ ಹೊಲಿಗೆ ಬಿಚ್ಚಿದರೆ ಅಂಚು ಕೆಡದೆ ಅಗಲ ಅರ್ಧವಾಗುತ್ತದೆ. ಹಿಂಬದಿಗೆ ಅಂಟು ಮೆತ್ತಿದ ಅಂಗಡಿ ಕಾರ್ಪೆಟ್ಟನ್ನು ಮಾತ್ರ ಬೆನ್ನ ಕಡೆಯಿಂದ ಚೂಪು ಬ್ಲೇಡಿನಲ್ಲಿ ಕೊಯ್ಯಬೇಕು.

ನಿಮ್ಮ ಜಮಖಾನ ನವಲಗುಂದದ ಕೈನೇಯ್ಗೆಯದಾಗಿದ್ದರೆ ದಯವಿಟ್ಟು ಮುಟ್ಟಬೇಡಿ. ಭೌಗೋಳಿಕ ಸೂಚಿಕೆ ಪಡೆದ, ಹೆಂಗಸರು ಲಂಬ ಮಗ್ಗದಲ್ಲಿ ನೇಯುವ ಮಾಲು ಅದು. ಹೆಚ್ಚಾದ ಗೇಣನ್ನು ಕೆಳಕ್ಕೆ ಮಡಚಿ ಹಾಸಿ.