ಚೌಕ ಬಿದ್ದರೆ ಬಾರ ಬೀಳದು

ಹುಣಸೆ ಬೀಜದ ಒಂದು ಮಗ್ಗುಲನ್ನು ಒರಟು ಕಲ್ಲಿಗೆ ಉಜ್ಜಿದರೆ ಕಂದು ಸಿಪ್ಪೆ ಸವೆದು ಒಳಗಿನ ಬಿಳುಪು ಕಾಣುತ್ತದೆ. ಅಂಥ ನಾಲ್ಕು ಬೀಜ, ನೆಲದ ಮೇಲೆ ಸೀಮೆಸುಣ್ಣದಲ್ಲಿ ಬರೆದ ಇಪ್ಪತ್ತೈದು ಮನೆ, ಕಾಯಿಗೆ ಒಂದಷ್ಟು ಬಳೆಚೂರು ಇದ್ದರೆ ಚೌಕಾಬಾರ ಶುರು. ಹುಣಸೆ ವ್ಯಾಪಾರಕ್ಕೆ ಹೆಸರಾದ ತುಮಕೂರಿನಲ್ಲಿ ಕವಡೆ ಸಿಗಲಿಲ್ಲವೆಂದು ಯಾರೂ ಆಟ ಬಿಟ್ಟವರಲ್ಲ. ಎಸೆದ ಬೀಜಗಳಲ್ಲಿ ಒಂದು ಬಿಳಿ ಕಂಡರೆ ಒಂದು, ಎರಡು ಕಂಡರೆ ಎರಡು, ಮೂರು ಕಂಡರೆ ಮೂರು. ನಾಲ್ಕೂ ಬಿಳಿಯಾದರೆ ಚೌಕ. ನಾಲ್ಕೂ ಕಪ್ಪಾದರೆ ಬಾರ, ಅಂದರೆ ಎಂಟು. ಚೌಕವೋ ಬಾರವೋ ಬಿದ್ದವರಿಗೆ ಇನ್ನೊಂದು ಎಸೆತ.

ಒಂದೇ ಎಸೆತದಲ್ಲಿ ಚೌಕವೂ ಬಾರವೂ ಬೀಳುವುದಿಲ್ಲ ಎಂದು ಆಟದ ಮಕ್ಕಳಿಗೆ ಯಾರೂ ಹೇಳಿಕೊಡಬೇಕಿಲ್ಲ. ಅದೇ ಮಕ್ಕಳು ಪ್ರೌಢಶಾಲೆ ದಾಟಿ ಪಿಯುಸಿಗೆ ಬಂದಾಗ ಇದೇ ಸಂಗತಿ 'ಪರಸ್ಪರ ವರ್ಜಿತ ಘಟನೆಗಳು' ಎಂಬ ಹೆಸರು ಹೊತ್ತು ಎದುರಾಗುತ್ತದೆ. ಇಂಗ್ಲಿಷ್ ಮಾಧ್ಯಮದಲ್ಲಾದರೆ 'ಮ್ಯೂಚುಯಲಿ ಎಕ್ಸ್‌ಕ್ಲೂಸಿವ್'. ಎರಡು ಗಣಗಳ ಛೇದನ ಶೂನ್ಯ ಗಣ ಎಂದು ಬೋರ್ಡಿನ ಮೇಲೆ ಬರೆದ ಕೂಡಲೇ, ಮನೆಯ ಜಗುಲಿಯಲ್ಲಿ ಗೊತ್ತಿದ್ದ ಸಂಗತಿ ತರಗತಿಯಲ್ಲಿ ಅಪರಿಚಿತವಾಗಿಬಿಡುತ್ತದೆ. ಈ ಪಾಠ ಎಲ್ಲಿಂದ ಹೊರಟು, ಯಾವ ದಾರಿಯಲ್ಲಿ ನಮ್ಮ ತುಮಕೂರು, ಗುಬ್ಬಿ, ಕುಣಿಗಲ್‌ನ ಕೊಠಡಿಗಳಿಗೆ ಬಂತು ಎಂದು ಹುಡುಕುತ್ತ ಹೋದರೆ ಅದರ ಬೇರಿನಲ್ಲಿ ಸಿಗುವುದು ಒಂದು ತಪ್ಪು ಲೆಕ್ಕ.

ಆ ತಪ್ಪು ಇಟಲಿಯ ವೈದ್ಯ, ಗಣಿತಜ್ಞ, ಜೂಜುಗಾರ ಗಿರೊಲಾಮೊ ಕಾರ್ಡಾನೊನದು. ದಾಳದ ಆಟಗಳ ಬಗ್ಗೆ ಅವನು ಬರೆದಿಟ್ಟ ಪುಸ್ತಕ ಅಚ್ಚಾದದ್ದು ಅವನು ಸತ್ತು ಎಷ್ಟೋ ವರ್ಷಗಳಾದ ಮೇಲೆ, 1663ರಲ್ಲಿ. ಒಂದು ದಾಳಕ್ಕೆ ಆರು ಮುಖ. ಬೇಕಾದ ಮುಖ ಒಂದು ಎಸೆತದಲ್ಲಿ ಬೀಳುವ ಸಂಭವ ಆರರಲ್ಲಿ ಒಂದು. ಹಾಗಾದರೆ ಮೂರು ಎಸೆತಕ್ಕೆ ಆರರಲ್ಲಿ ಮೂರು, ಅಂದರೆ ಅರ್ಧ. ಪುಸ್ತಕದ ಒಂದು ಕಡೆ ಅವನ ಯೋಚನೆ ಹೀಗೆ ಸಾಗುತ್ತದೆ. ಇವತ್ತಿಗೂ ಹತ್ತನೇ ತರಗತಿಯಲ್ಲಿ ಈ ಪ್ರಶ್ನೆ ಹಾಕಿದರೆ ಹೆಚ್ಚಿನ ಕೈಗಳು ಅರ್ಧ ಎಂದೇ ಏಳುತ್ತವೆ. ಅದೇ ದಾರಿಯಲ್ಲಿ ಆರು ಎಸೆತದವರೆಗೆ ಹೋದರೆ ಉತ್ತರ ಆರರಲ್ಲಿ ಆರು. ಆರು ಸಲ ಎಸೆದರೆ ಆರು ಬಿದ್ದೇ ತೀರುತ್ತದೆ ಎಂದಾಯಿತು! ಪಗಡೆ ಆಡಿದ ಯಾವ ಅಜ್ಜಿಯೂ ಇದನ್ನು ಒಪ್ಪುವುದಿಲ್ಲ.

ತಪ್ಪಿದ್ದು ಎಲ್ಲಿ? ಮೊದಲ ಎಸೆತದಲ್ಲಿ ಆರು ಬೀಳುವುದು ಒಂದು ಘಟನೆ, ಎರಡನೆಯದರಲ್ಲಿ ಬೀಳುವುದು ಇನ್ನೊಂದು. ಇವೆರಡೂ ಒಟ್ಟಿಗೆ ನಡೆಯಬಹುದು. ಹಾಗೆ ನಡೆದ ಸಂದರ್ಭಗಳನ್ನು ಕಾರ್ಡಾನೊನ ಲೆಕ್ಕ ಎರಡೆರಡು ಸಲ ಎಣಿಸಿಬಿಟ್ಟಿದೆ. ಮೂರು ಎಸೆತಗಳ ಒಟ್ಟು ಫಲಿತಗಳು 216. ಅವುಗಳಲ್ಲಿ ಒಂದೂ ಆರು ಇಲ್ಲದವು 125. ಉಳಿದ 91ರಲ್ಲಿ ಮಾತ್ರ ಕನಿಷ್ಠ ಒಂದು ಆರು ಉಂಟು. ಅಂದರೆ ನೂರಕ್ಕೆ ಸುಮಾರು 42, ಐವತ್ತಲ್ಲ.

1654ರಲ್ಲಿ ಫ್ರಾನ್ಸಿನ ಪ್ಯಾಸ್ಕಲ್ ಮತ್ತು ಫರ್ಮಾ ನಡುವೆ ಓಡಾಡಿದ ಪತ್ರಗಳಲ್ಲಿ ಇಂಥ ಎಣಿಕೆಗಳು ತಿಳಿಯಾದವು. ನಾಲ್ಕು ಎಸೆತಗಳಲ್ಲಿ ಒಮ್ಮೆಯಾದರೂ ಆರು ಬೀಳುವ ಪರವಾಗಿ 671, ವಿರೋಧವಾಗಿ 625 ಎಂಬ ಲೆಕ್ಕ ಪ್ಯಾಸ್ಕಲನ ಪತ್ರದಲ್ಲೇ ಇದೆ. ಆದರೆ 'ಯಾವಾಗ ಕೂಡಬಹುದು' ಎಂಬುದಕ್ಕೆ ನೇರವಾದ ಮಾತು ನನಗೆ ಕಾಣುವುದು ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸ್ ಬರೆದಿಟ್ಟು ಹೋದ, ಅವನ ಗೆಳೆಯ ರಿಚರ್ಡ್ ಪ್ರೈಸ್ 1763ರಲ್ಲಿ ಬೆಳಕಿಗೆ ತಂದ ಪ್ರಬಂಧದಲ್ಲಿ. ಅದರ ಮೊಟ್ಟಮೊದಲ ವ್ಯಾಖ್ಯೆಯೇ ಇದು: ಕೆಲವು ಘಟನೆಗಳಲ್ಲಿ ಒಂದು ನಡೆದರೆ ಉಳಿದ ಯಾವುದೂ ನಡೆಯಲಾರದಂತಿದ್ದರೆ ಅವು ಒಂದಕ್ಕೊಂದು ಹೊಂದದ ಘಟನೆಗಳು. ಮೊದಲ ಪ್ರಮೇಯವೂ ಅದರ ಬೆನ್ನಿಗೇ ಬರುತ್ತದೆ: ಅಂಥ ಘಟನೆಗಳಲ್ಲಿ ಯಾವುದಾದರೂ ಒಂದು ನಡೆಯುವ ಸಂಭವನೀಯತೆ, ಅವುಗಳ ಸಂಭವನೀಯತೆಗಳ ಮೊತ್ತ. ಬೇಯ್ಸ್ ಎಂದರೆ ಎಲ್ಲರೂ ನೆನೆಯುವುದು ಅವನ ಬೇರೆ ಸೂತ್ರವನ್ನು. ನಮ್ಮ ಪಾಠದ ಬಾಗಿಲು ತೆರೆದದ್ದೂ ಅದೇ ಪ್ರಬಂಧದಲ್ಲಿ ಎಂಬುದನ್ನು ಶಿಕ್ಷಕರು ಮಕ್ಕಳಿಗೆ ಹೇಳಬೇಕು. 1933ರಲ್ಲಿ ರಷ್ಯಾದ ಕೊಲ್ಮೊಗೊರೊವ್ ಈ ಕೂಡುವ ನಿಯಮವನ್ನು ಸಾಧಿಸಬೇಕಾದ ಪ್ರಮೇಯದ ಸಾಲಿನಿಂದ ತೆಗೆದು, ಒಪ್ಪಿಕೊಂಡೇ ಹೊರಡಬೇಕಾದ ಮೂಲತತ್ತ್ವದ ಸ್ಥಾನದಲ್ಲಿ ಕೂರಿಸಿದ. ಪಿಯುಸಿ ಪುಸ್ತಕದಲ್ಲಿ ಇರುವುದು ಆ ರೂಪ.

ಇದು ಹೊರಗಿನಿಂದ ಬಂದ ದಾರಿ. ಒಳಗಿನದೊಂದು ದಾರಿಯೂ ಇತ್ತು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ತನ್ನ 'ಗಣಿತಸಾರಸಂಗ್ರಹ'ದಲ್ಲಿ ಇಂತಿಷ್ಟು ವಸ್ತುಗಳಿಂದ ಇಂತಿಷ್ಟನ್ನು ಎಷ್ಟು ಬಗೆಯಲ್ಲಿ ಆರಿಸಬಹುದು ಎಂಬುದಕ್ಕೆ ಸಾಮಾನ್ಯ ಸೂತ್ರ ಕೊಟ್ಟ. ನಾಲ್ಕು ಹುಣಸೆ ಬೀಜಕ್ಕೆ ಅದನ್ನು ಹಚ್ಚಿ ನೋಡಿ. ಒಂದೂ ಬಿಳಿ ಇಲ್ಲದ ಬಗೆ 1, ಒಂದು ಬಿಳಿಯ ಬಗೆ 4, ಎರಡರದು 6, ಮೂರರದು 4, ನಾಲ್ಕರದು 1. ಒಟ್ಟು 16. ಎರಡು ಮಗ್ಗುಲೂ ಸಮನಾಗಿ ಬೀಳುವ ಬೀಜವಾದರೆ ಚೌಕದ ಸಂಭವನೀಯತೆ 1/16, ಬಾರದ್ದೂ 1/16. ಎರಡೂ ಒಟ್ಟಿಗೆ ಬೀಳವು. ಆದ್ದರಿಂದ ಧೈರ್ಯವಾಗಿ ಕೂಡಬಹುದು. ಇನ್ನೊಂದು ಎಸೆತ ಸಿಗುವ ಸಂಭವನೀಯತೆ 1/8.

ಈ 1, 4, 6, 4, 1 ಛಂದಶ್ಶಾಸ್ತ್ರದ ಮೇರುಪ್ರಸ್ತಾರದ ಒಂದು ಸಾಲು. ಪಿಂಗಳನ ಸೂತ್ರಗಳಿಗೆ ವ್ಯಾಖ್ಯಾನ ಬರೆದ ಹತ್ತನೇ ಶತಮಾನದ ಹಲಾಯುಧ ಅದನ್ನು ವಿವರಿಸಿದ್ದಾನೆ. ಪ್ಯಾಸ್ಕಲನ ಹೆಸರಿನಲ್ಲಿ ನಾವು ಕಲಿಯುವ ತ್ರಿಭುಜವೂ ಅದೇ. ಇಲ್ಲಿ ನನಗೆ ತುಂಬ ಆಸೆ ಹುಟ್ಟಿಸುವ ಸಂಗತಿಯೊಂದಿದೆ. ಹತ್ತನೇ ತರಗತಿಯ ಮಕ್ಕಳು ಗಣಿತದ ಪೀರಿಯಡ್ಡಿಗೆ ಮುನ್ನವೋ ಆಮೇಲೋ ಕನ್ನಡದ ಪೀರಿಯಡ್ಡಿನಲ್ಲಿ ಪದ್ಯಕ್ಕೆ ಪ್ರಸ್ತಾರ ಹಾಕುತ್ತಿರುತ್ತಾರೆ. ಪರೀಕ್ಷೆಯಲ್ಲಿ ಅದಕ್ಕೆ ಅಂಕವೂ ಉಂಟು. ಯಮಾತಾರಾಜಭಾನಸಲಗಂ ಎಂದು ಬಾಯಿಪಾಠ ಮಾಡಿ ಎಂಟು ಅಕ್ಷರಗಣಗಳನ್ನು ಗುರುತಿಸುತ್ತಾರೆ. ಮೂರು ಅಕ್ಷರ, ಒಂದೊಂದೂ ಲಘು ಅಥವಾ ಗುರು. ಮೂರು ನಾಣ್ಯ, ಒಂದೊಂದೂ ಶಿರ ಅಥವಾ ಪುಚ್ಛ. ಎರಡೂ ಕಡೆ ಎಂಟೇ ಫಲಿತ.

ಶಿರವನ್ನು ಗುರು ಎಂದುಕೊಂಡರೆ ಮೂರೂ ಶಿರ ಬಿದ್ದದ್ದು ಮಗಣ, ಮೂರೂ ಪುಚ್ಛ ಬಿದ್ದದ್ದು ನಗಣ. ಸರಿಯಾಗಿ ಎರಡು ಗುರು ಇರುವ ಗಣಗಳು ಯ, ರ, ತ. ಒಂದೇ ಗುರು ಇರುವವು ಭ, ಜ, ಸ. ಯಗಣವಾದದ್ದು ರಗಣವಾಗಲಾರದು ಎಂದು ಕನ್ನಡ ಮೇಷ್ಟ್ರ ಎದುರು ಖಚಿತವಾಗಿ ಹೇಳುವ ವಿದ್ಯಾರ್ಥಿನಿಗೆ ಪರಸ್ಪರ ವರ್ಜಿತ ಎಂದರೇನೆಂದು ಆಗಲೇ ಗೊತ್ತು. ಎಂಟರಲ್ಲಿ ಒಂದು ಗಣ ಆಗಲೇಬೇಕು ಎಂಬುದೂ ಗೊತ್ತು. 'ಎರಡು ಗುರು ಬರುವ ಸಂಭವನೀಯತೆ ಎಷ್ಟು' ಎಂದು ಕೇಳಿದರೆ ಯ, ರ, ತ ಮೂರನ್ನೂ ಕೂಡಿ 3/8 ಎನ್ನಲು ಅವಳಿಗೆ ನಿಮಿಷವೂ ಬೇಡ. ಕನ್ನಡ ಶಿಕ್ಷಕರೂ ಗಣಿತ ಶಿಕ್ಷಕರೂ ಒಂದು ದಿನ ಒಟ್ಟಿಗೆ ನಿಂತು ಈ ಪಾಠ ಮಾಡಲು ಯಾವ ಸುತ್ತೋಲೆಯೂ ಬೇಕಿಲ್ಲ.

ಹಾಗೆಂದು ಸಂಭವನೀಯತೆ ನಮ್ಮಲ್ಲೇ ಹುಟ್ಟಿತು ಎನ್ನಲು ನಾನು ಸಿದ್ಧನಿಲ್ಲ. ಎಣಿಕೆ ನಮ್ಮಲ್ಲಿ ಬಹಳ ಮುಂದೆ ಹೋಗಿತ್ತು. ಮಹಾಭಾರತದ ನಳೋಪಾಖ್ಯಾನದಲ್ಲಿ ಋತುಪರ್ಣ ತಾರೆ ಮರದ ಎಲೆ ಕಾಯಿಗಳ ಲೆಕ್ಕವನ್ನು ನೋಡಿದೊಡನೆ ಹೇಳುತ್ತಾನೆ, ನಳನಿಗೆ ದಾಳದ ಮರ್ಮವನ್ನೂ ಕಲಿಸುತ್ತಾನೆ. ಆದರೆ ಬಗೆಗಳ ಎಣಿಕೆಯನ್ನು ಒಟ್ಟು ಬಗೆಗಳಿಂದ ಭಾಗಿಸಿ, ಮುಂದೆ ನಡೆಯುವುದರ ಅಳತೆಯಾಗಿ ಆ ಭಾಗಲಬ್ಧವನ್ನು ಹಿಡಿಯುವ ಕೆಲಸ ನಡೆದದ್ದು ಯೂರೋಪಿನಲ್ಲಿ. ಎರಡನ್ನೂ ಇದ್ದ ಹಾಗೆಯೇ ಮಕ್ಕಳ ಮುಂದಿಡುವುದು ಒಳ್ಳೆಯದು.

ಶಾಲೆಯ ಪುಸ್ತಕಗಳ ಕತೆ ಚಿಕ್ಕದು, ಸ್ವಲ್ಪ ಬೇಸರದ್ದೂ ಹೌದು. ರಾಜ್ಯದ್ದೇ ಆದ ಹಿಂದಿನ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಕ್ರಮಯೋಜನೆ ಮತ್ತು ವಿಕಲ್ಪಗಳ ಅಧ್ಯಾಯವಿತ್ತು, ಅದರ ಪಕ್ಕದಲ್ಲೇ ಸಂಭವನೀಯತೆ. ಈಗ ಕನ್ನಡಕ್ಕೆ ಬಂದಿರುವ ಎನ್‌ಸಿಇಆರ್‌ಟಿ ಪುಸ್ತಕದಲ್ಲೂ ಸಂಭವನೀಯತೆಯ ಅಧ್ಯಾಯವಿದೆ. ಅದು ಪೂರಕ ಘಟನೆಯವರೆಗೆ, ಅಂದರೆ ಆಗುವುದು ಮತ್ತು ಆಗದಿರುವುದು ಸೇರಿ 1 ಎಂಬಲ್ಲಿಯವರೆಗೆ ಬಂದು ನಿಲ್ಲುತ್ತದೆ. ಪರಸ್ಪರ ವರ್ಜಿತ ಎಂಬ ವ್ಯಾಖ್ಯೆ ಬರುವುದು ಪ್ರಥಮ ಪಿಯುಸಿಯಲ್ಲಿ. ನಾಣ್ಯ, ದಾಳ ಎಸೆದು ಪಟ್ಟಿ ಮಾಡಿಸುತ್ತಿದ್ದ ಒಂಬತ್ತನೇ ತರಗತಿಯ ಅಧ್ಯಾಯವನ್ನು 2022ರಲ್ಲಿ ಹೊರೆ ಇಳಿಸುವ ಹೆಸರಿನಲ್ಲಿ ಎನ್‌ಸಿಇಆರ್‌ಟಿ ಕೈಬಿಟ್ಟಿತು. ಸಂಖ್ಯಾಶಾಸ್ತ್ರಜ್ಞ ಕಾರ್ಲ್ ಪಿಯರ್ಸನ್ 24,000 ಸಲ ನಾಣ್ಯ ಚಿಮ್ಮಿ 12,012 ಶಿರ ಪಡೆದದ್ದು ಅಂಥ ಎಸೆತಗಳ ಹೆಸರಾಂತ ಉದಾಹರಣೆ. ಎಸೆದು ನೋಡುವ ವರ್ಷವೇ ಹೋದರೆ ಉಳಿಯುವುದು ಭಿನ್ನರಾಶಿ ಮಾತ್ರ. ಹತ್ತರ ಬಳಿಕ ಐಟಿಐಗೋ ಕಲಾ ವಿಭಾಗಕ್ಕೋ ಹೋಗುವ ಹುಡುಗನ ಕಿವಿಗೆ ಪರಸ್ಪರ ವರ್ಜಿತ ಎಂಬ ಮಾತು ಬೀಳುವುದೇ ಇಲ್ಲ. ವಿಮೆ, ಲಾಟರಿ, ಮೊಬೈಲಿನ ಜೂಜಿನ ಆ್ಯಪುಗಳು ಮಾತ್ರ ಅವನನ್ನು ಬಿಡುವುದಿಲ್ಲ. ಇದು ನನಗೆ ನಿಜವಾದ ನಷ್ಟವಾಗಿ ಕಾಣುತ್ತದೆ.

ಪುಸ್ತಕದ ಇನ್ನೊಂದು ತೊಡಕು ಇಸ್ಪೀಟು. ಎಲೆ ಮುಟ್ಟಿದರೆ ಬೈಸಿಕೊಳ್ಳುವ ಮನೆಗಳಿಂದ ಬಂದ ಮಕ್ಕಳು 52 ಎಲೆ, ನಾಲ್ಕು ಬಗೆ, 12 ಚಿತ್ರದ ಎಲೆ ಎಂಬುದನ್ನು ಉರು ಹೊಡೆಯುತ್ತಾರೆ. ರಾಜ ಅಥವಾ ಹಾರ್ಟ್ಸ್ ಬರುವ ಸಂಭವನೀಯತೆ ಕೇಳಿದಾಗ ಅವರು ಸೋಲುವುದು ಎಲೆಗಳ ಮುಂದೆ, ಗಣಿತದ ಮುಂದಲ್ಲ. ಅದೇ ಪ್ರಶ್ನೆ ಚೌಕಾಬಾರದಲ್ಲೂ ಇದೆ. ಸಮಸಂಖ್ಯೆ ಬೀಳುವುದು ಒಂದು ಘಟನೆ: ಎರಡು, ಚೌಕ, ಬಾರ ಸೇರಿ 8/16. ಇನ್ನೊಂದು ಎಸೆತ ಸಿಗುವುದು ಮತ್ತೊಂದು ಘಟನೆ: 2/16. ಕೂಡಿ 10/16 ಎಂದವರು ಚೌಕ, ಬಾರಗಳನ್ನು ಎರಡು ಸಲ ಎಣಿಸಿದರು. ಸರಿಯುತ್ತರ 8/16.

ತುಮಕೂರಿನ ಬಸ್ ನಿಲ್ದಾಣದಲ್ಲಿ ನಿಂತರೂ ಈ ಪಾಠ ಮುಗಿಯುತ್ತದೆ. ಗುಬ್ಬಿಗೆ ಹೋಗುವ ದಾರಿ ಪಶ್ಚಿಮಕ್ಕೆ, ಕುಣಿಗಲ್ ದಾರಿ ಹೆಬ್ಬೂರಿನ ಮೇಲೆ ದಕ್ಷಿಣಕ್ಕೆ. ಮುಂದೆ ಬರುವ ಬಸ್ಸು ಗುಬ್ಬಿಯದು, ಮುಂದೆ ಬರುವ ಬಸ್ಸು ಕುಣಿಗಲ್‌ನದು: ಇವು ವರ್ಜಿತ, ಕೂಡಬಹುದು. ಗುಬ್ಬಿಯದು, ತಿಪಟೂರಿನದು ಎಂದರೆ ಹಾಗಲ್ಲ. ತಿಪಟೂರು ಬೋರ್ಡಿನ ಬಸ್ಸು ಗುಬ್ಬಿಯ ಮೇಲೇ ಹೋಗುತ್ತದೆ. ಹತ್ತು ಬಸ್ಸುಗಳಲ್ಲಿ ಮೂರು ತಿಪಟೂರಿನವು, ಒಂದು ಗುಬ್ಬಿಯಲ್ಲೇ ಕೊನೆಯಾಗುವುದು ಎಂದುಕೊಳ್ಳಿ. ಗುಬ್ಬಿಗೆ ಒಯ್ಯುವವು ನಾಲ್ಕು, ತಿಪಟೂರಿಗೆ ಮೂರು, ಒಟ್ಟು ಏಳು ಎನ್ನುವ ಪ್ರಯಾಣಿಕ ಯಾರೂ ಇಲ್ಲ.

ಮಕ್ಕಳು ಹೆಚ್ಚು ತಡವರಿಸುವುದು ಇನ್ನೊಂದು ಕಡೆ. ಎಲ್ಲ ಫಲಿತಗಳೂ ಸಮ ಸಂಭವವಾಗಿದ್ದರೆ ಮಾತ್ರ ವರ್ಜಿತ ಎಂದುಕೊಂಡುಬಿಡುತ್ತಾರೆ. ಇದನ್ನು ಬಿಡಿಸಲು ಗುಬ್ಬಿಯವರಿಗೆ ಶಕುನಿ ಇದ್ದಾನೆ. 1884ರಲ್ಲಿ ಹುಟ್ಟಿದ ಗುಬ್ಬಿ ನಾಟಕ ಕಂಪನಿಯು ಗುಬ್ಬಿ ವೀರಣ್ಣನವರ ಕಾಲದಲ್ಲಿ ಆನೆ ಕುದುರೆಗಳನ್ನೇ ರಂಗಕ್ಕೆ ತಂದು 'ಕುರುಕ್ಷೇತ್ರ' ಆಡಿತು. ಈ ಸೀಮೆಯ ಊರೂರಲ್ಲಿ ಹವ್ಯಾಸಿಗಳು ರಾತ್ರಿಯಿಡೀ ಆ ನಾಟಕವನ್ನು ಇಂದಿಗೂ ಕಟ್ಟುತ್ತಾರೆ. ಶಕುನಿಯ ದಾಳ ಕೇಳಿದ ಸಂಖ್ಯೆಯನ್ನೇ ಕೊಡುತ್ತದೆ. ಅಲ್ಲಿ ಸಮ ಸಂಭವ ಸತ್ತಿದೆ. ಆದರೂ ಆ ದಾಳ ಒಂದೇ ಸಲಕ್ಕೆ ಎರಡು ಸಂಖ್ಯೆ ತೋರಿಸಲಾರದು. ಉಜ್ಜಿದ ಬೀಜವೂ ಸಮನಾಗಿ ಬೀಳಬೇಕೆಂದಿಲ್ಲ. ಹತ್ತಕ್ಕೆ ಆರು ಸಲ ಬಿಳಿ ಬೀಳುವ ಬೀಜವಾದರೆ ಚೌಕದ ಸಂಭವನೀಯತೆ 0.1296, ಬಾರದ್ದು 0.0256. ಮೊತ್ತ 0.1552. ಸಂಖ್ಯೆಗಳು ಬದಲಾದವು, ಕೂಡುವ ನಿಯಮ ಕದಲಲಿಲ್ಲ.

ಪಿಯುಸಿಗೆ ಹೋದ ಮೇಲೆ ವರ್ಜಿತ ಮತ್ತು ಸ್ವತಂತ್ರ ಎರಡನ್ನೂ ಒಂದೇ ಎಂದುಕೊಳ್ಳುವವರಿಗೆ ಹೇಳಬೇಕಾದದ್ದು ಇಷ್ಟೆ. ಕುಣಿಗಲ್‌ನಲ್ಲಿ ಮಳೆ ಬರುವುದು, ಗುಬ್ಬಿಯ ಜಗುಲಿಯಲ್ಲಿ ಚೌಕ ಬೀಳುವುದು ಸ್ವತಂತ್ರ. ಒಂದರ ಸುದ್ದಿ ಇನ್ನೊಂದನ್ನು ಬದಲಿಸದು, ಎರಡೂ ಒಟ್ಟಿಗೆ ಆಗಬಹುದು. ಚೌಕ ಬಿತ್ತು ಎಂದು ತಿಳಿದ ಕ್ಷಣ ಬಾರದ ಸಂಭವನೀಯತೆ ಸೊನ್ನೆಗೆ ಇಳಿಯುತ್ತದೆ. ಇದಕ್ಕಿಂತ ದೊಡ್ಡ ಅವಲಂಬನೆ ಇನ್ನಾವುದು?

ಕುಣಿಗಲ್‌ನ ಮಕ್ಕಳಿಗೆ ಕುದುರೆ ಹೊಸದಲ್ಲ. ಟಿಪ್ಪುವಿನ ಅಶ್ವದಳದ ಕಾಲಕ್ಕೆ ತನ್ನ ಚರಿತ್ರೆಯನ್ನು ಒಯ್ಯುವ ಅಲ್ಲಿನ ಸ್ಟಡ್ ಫಾರ್ಮ್ ರೇಸಿನ ಕುದುರೆಗಳಿಗೆ ಹೆಸರಾಯಿತು. ಎಂಟು ಕುದುರೆ ಓಡಿದರೆ ಎಂಟು ಘಟನೆ, ಒಂದೊಂದರ ಸಂಭವನೀಯತೆ ಬೇರೆ ಬೇರೆ, ಒಂದು ಗೆದ್ದರೆ ಉಳಿದವು ಸೋತವು, ಎಲ್ಲ ಸೇರಿ 1. ತರಗತಿ ಇಲ್ಲಿಗೆ ತೃಪ್ತಿಪಟ್ಟು ನಿಂತಾಗ ಯಾರಾದರೂ ಹಿಂದಿನ ಬೆಂಚಿನಿಂದ 'ಎರಡೂ ಸರಿಸಮ ಬಂದರೆ?' ಎಂದು ಕೇಳಬೇಕು. ಗೆರೆಯ ಮೇಲಿನ ಕ್ಯಾಮೆರಾದ ಚಿತ್ರ ನೋಡಿದ ಮೇಲೂ ಬೇರ್ಪಡಿಸಲಾಗದೆ ಎರಡು ಕುದುರೆಗಳನ್ನು ಗೆದ್ದವು ಎಂದು ಸಾರುವುದು ರೇಸಿನಲ್ಲಿ ಉಂಟು. ಅದಕ್ಕೆ 'ಡೆಡ್ ಹೀಟ್' ಎನ್ನುತ್ತಾರೆ. ಆಗ ಮೂರನೆಯ ಕುದುರೆಯ ಗೆಲುವು, ಐದನೆಯದರ ಗೆಲುವು ವರ್ಜಿತವಲ್ಲ. ಪಟ್ಟಿಯನ್ನು ಅಳಿಸಿ, 'ಮೂರು ಮಾತ್ರ', 'ಐದು ಮಾತ್ರ', 'ಮೂರೂ ಐದೂ ಸಮ' ಎಂದು ಹೊಸದಾಗಿ ಬರೆದುಕೊಂಡು ಮತ್ತೆ ಕೂಡಬೇಕು.